ಆವಕ – ಜಾವಕ

ಘೋರಪಡೆ ಪೇಠೆಯ ವಾರ್ಡು ಕಚೇರಿ, ಎರಡನೆಯ ಮಹಡಿ.
ನನ್ನ ಮೇಜಿನ ಮೇಲೆ ಎರಡೇ ಪುಸ್ತಕ:
ಬಂದದ್ದಕ್ಕೊಂದು, ಹೋದದ್ದಕ್ಕೊಂದು.
ಹತ್ತೊಂಬತ್ತು ವರ್ಷ. ಬರೆದುಕೊಳ್ಳದೆ ಏನನ್ನೂ ಒಳಬಿಟ್ಟವಳಲ್ಲ

ಅಂದರೆ ಸುಳ್ಳು.
ಅಧ್ಯಕ್ಷರ ಕೋಣೆಗೆ ಹೋಗುವ ಲಕೋಟೆಗಳು
ನನ್ನ ಮುಂದೆಯೇ ಹಾದವು, ನಂಬರು ಹಾಕಿಸಿಕೊಳ್ಳದೆ.
ನಳದ ಜೋಡಣೆಗೆ ಬಂದ ಇಸ್ತ್ರಿಯಂಗಡಿಯ ಕಿಸನ ಪರೀಟ
ಹಸಿರು ರಸೀದಿ ಹಿಡಿದು ಹೊರಬಂದ:
'ಪಕ್ಷನಿಧಿ, ಸ್ವಖುಷಿಯಿಂದ.'
ಅರ್ಜಿಗೆ ಅದನ್ನೂ ಟಾಚಣಿ ಚುಚ್ಚಿ ನನಗೇ ಕೊಟ್ಟ.
ಇದು ಬೇಡಪ್ಪಾ ಎಂದೆ.
"ಇದೇ ಬೇಕಂತೆ, ಮ್ಯಾಡಂ" ಎಂದ.

ಆಷಾಢದಲ್ಲಿ ಸುತ್ತೋಲೆ ಬಂತು. ಆವಕ ನಂಬರು ೪೧೭.
ಚುನಾಯಿತರು ಕಚೇರಿಯ ಆವಾರದೊಳಗೆ ದೇಣಿಗೆ ಎತ್ತುವಂತಿಲ್ಲ;
ಸರಕಾರಿ ಫೋನು, ಕಾಗದ, ಸಿಪಾಯಿ, ಕುರ್ಚಿ
ಯಾವುದನ್ನೂ ಅದಕ್ಕೆ ಹಚ್ಚುವಂತಿಲ್ಲ.
ಇಷ್ಟು ಚೆಂದದ ವಾಕ್ಯಕ್ಕೆ ಮೊಹರು ಒತ್ತಿ ಬಹಳ ದಿನವಾಗಿತ್ತು.
ಮಸಿ ಸ್ವಲ್ಪ ಜಾಸ್ತಿಯೇ ಹತ್ತಿತು.

ಅಧ್ಯಕ್ಷರು ಓದಿದರು. ಸಿಟ್ಟಾಗಲಿಲ್ಲ, ನಕ್ಕರು.
"ಆವಾರ ಅಂದರೆ ಎಲ್ಲೀತನಕ?"
ಜೂನಿಯರ್ ಇಂಜಿನಿಯರು ಟೇಪು ಹಿಡಿದು ಇಳಿದ.
ಗೇಟಿನಿಂದ ಮೂರಡಿ ಆಚೆ, ಚಹಾದಂಗಡಿಗೆ ಈಚೆ,
ಮಳೆ ನಿಂತ ಒಂದು ಮಧ್ಯಾಹ್ನ ಹಳದಿ ಗೆರೆ ಬಿತ್ತು.
ಗೆರೆಯಾಚೆ ಕೊಡೆ, ಕೊಡೆಯ ಕೆಳಗೆ ಮೇಜು,
ಹಸಿರು ರಸೀದಿ ಪುಸ್ತಕ, ಅದು ಹಾರದಂತೆ ಕಲ್ಲು.
ಜನ ಮೊದಲು ಅಲ್ಲಿ ನಿಲ್ಲುತ್ತಾರೆ,
ಆಮೇಲೆ ಮೆಟ್ಟಿಲು ಹತ್ತುತ್ತಾರೆ.

ನಮ್ಮವ್ವ ಜತ್ತಿನ ಸಂತೆಯಲ್ಲಿ ಬಳೆ ಮಾರುತ್ತಿದ್ದಳು. ಅವಳಾಗಿದ್ದರೆ
"ಹೊಸ್ತಿಲಾ ದಾಟಿ ಕುಂತ್ರ, ಬೆಕ್ಕು ಹಾಲು ಕುಡದಿದ್ದು ಸುಳ್ಳಾಗತೈತೇನ?"
ಎಂದು ಕೇಳಿ, ಗಿರಾಕಿಯ ಕೈ ಹಿಡಿದು ಬಳೆ ಏರಿಸುತ್ತಿದ್ದಳು.
ನಾನು ಯಾರನ್ನೂ ಕೇಳಲಿಲ್ಲ.

ಊಟದ ಹೊತ್ತಿಗೆ ಕೆಳಗಿಳಿದೆ. ಸರದಿಯಲ್ಲಿ ಮತ್ತೆ ಪರೀಟ,
ಕೈಯಲ್ಲಿ ನೋಟು, ಗಿರಾಕಿಯ ಅಂಗಿಯಷ್ಟೇ ನೀಟಾಗಿ ಮಡಿಸಿದ್ದು.
ವಸೂಲಿಯವನು ಸಹಿ ಹಾಕಲು ಮುಂದೆ ಬಾಗಿದ.
ಅವನ ಬೆನ್ನು ಸರಿದಾಗ ಕಂಡಿತು
ಕುರ್ಚಿಯ ಮೇಲೆ, ಬಿಳಿ ಬಣ್ಣದಲ್ಲಿ:
ಮ.ನ.ಪಾ. ೨೧೨.

ಮೇಲೆ ಬಂದೆ. ಜಾವಕ ಪುಸ್ತಕ ತೆರೆದೆ.
ಕುರ್ಚಿ, ಒಂದು. ನಂಬರು ೨೧೨. ಹೋದದ್ದು: ಗೆರೆಯಾಚೆ.
ಯಾರ ಆದೇಶದಿಂದ ಎಂಬಲ್ಲಿ ಖಾಲಿ ಬಿಟ್ಟೆ.
ಸಂಜೆ ಪುಸ್ತಕ ಸಾಹೇಬರ ಸಹಿಗೆ ಹೋಗುತ್ತದೆ,
ದಿನಾ ಹೋಗುವ ಹಾಗೆ.

ನಾನು ಕೂತದ್ದರ ನಂಬರು ಎಷ್ಟಿರಬಹುದು?
ಇಷ್ಟು ವರ್ಷದಲ್ಲಿ ಮೊದಲ ಸಲ
ಎದ್ದು, ತಿರುಗಿ ನೋಡಿದೆ.
೨೧೩.