ಒಂದೆಳೆ ಪಾಕ

ರಾತ್ರಿ ಹೆಪ್ಪುಗಟ್ಟಿ ಹಗಲು ಸಡಿಲಿದರೆ ಸಾಕು,
ಮೇಪಲ್ ಮರ ತಾನಾಗಿ ರಸ ಬಿಡುತ್ತದೆ.
ಬೋಸ್ ಕಣಿವೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.
ನಲವತ್ತು ಬಕೆಟ್ ರಸಕ್ಕೆ ಒಂದು ಬಕೆಟ್ ಪಾಕ,
ಒವಿಲಾ ಮಗ್ಗಿಯ ಹಾಗೆ ಹೇಳುತ್ತಿದ್ದ.
ಐವತ್ತೊಂದು ಮಾರ್ಚ್ ಅದೇ ಕೊಪ್ಪರಿಗೆಯ ಮುಂದೆ,
ಸೌಟಿನಿಂದ ಇಳಿವ ಹನಿ ನೋಡಿಯೇ
ಬೆಂಕಿ ತೆಗೆಸುವವನು.

ಈಗ ಅವನ ತಲೆಗೆ ಸಕ್ಕರೆಯೇ ಹತ್ತುವುದಿಲ್ಲ.
ಶೆರ್‌ಬ್ರೂಕಿನ ಆಸ್ಪತ್ರೆಯ ಹುಡುಗಿ, ಡಾಕ್ಟರ್ ಮಿರೇಯ್,
ಪರದೆಯ ಮೇಲೆ ತೋರಿಸಿದಳು:
ಹಳದಿ ಇರಬೇಕಾದಲ್ಲಿ ನೀಲಿ.
"ಸಕ್ಕರೆ ಬಾಗಿಲ ತನಕ ಬರುತ್ತದೆ ಮದಾಮ್,
ಒಳಗೆ ಕರೆಯುವವರಿಲ್ಲ."
ನಕ್ಕುಬಿಟ್ಟೆ. ಊರಿಗೆಲ್ಲ ಸಿಹಿ ಕಾಸಿದವನ
ಒಳಗಿನ ಒಲೆ ಹೊತ್ತುತ್ತಿಲ್ಲ ಎಂದರೆ
ಇನ್ನೇನು ಮಾಡಲಿ.

ಬೇರೆ ಸೌದೆ ಇದೆಯಂತೆ.
ಉಪವಾಸದಲ್ಲಿ ಮೈ ತನ್ನ ಕೊಬ್ಬನ್ನೇ ಕರಗಿಸಿ
ಯಕೃತ್ತಿನಲ್ಲಿ ಸೀಳಿಟ್ಟುಕೊಳ್ಳುವ ಚಕ್ಕೆ, ಕೀಟೋನ್.
ಹಸಿದ ಮಿದುಳು ಅದನ್ನು ಬೇಡ ಅನ್ನುವುದಿಲ್ಲ.
ಈಸ್ಟರಿನ ಮುಂಚೆ ನಲವತ್ತು ದಿನ ಒಪ್ಪೊತ್ತು ಉಣ್ಣುತ್ತಿದ್ದ
ನನ್ನಜ್ಜಿ ನೆನಪಾದಳು,
ಸತ್ತವರ ಹೆಸರೆಲ್ಲ ಒಂದೂ ತಪ್ಪದೆ ಹೇಳುತ್ತಿದ್ದವಳು.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಳು ಮಿರೇಯ್.
ಇರಲಿಕ್ಕಿಲ್ಲ.

ದಿನಕ್ಕೆರಡು ಬಾಟಲಿ, ಹಾಲಿನಂಥ ಬಿಳಿ.
ಕೆಲವರಿಗೆ ಕೀಟೋನ್ ಹುಟ್ಟಿಸುವ ಎಣ್ಣೆ, ಕೆಲವರಿಗೆ ಬರೀ ಎಣ್ಣೆ.
ಯಾರಿಗೆ ಯಾವುದು, ಕೊಡುವವಳಿಗೂ ಗೊತ್ತಿಲ್ಲ.
ಮೈಮೇಲೆ ಒಂದು ಸಂಖ್ಯೆ: ೨೧೭.

ಹಾಗಾಗಿ ಬೆಳಗ್ಗೆ ಅವನು ಏಳುವ ಮುಂಚೆ
ಕಳ್ಳಿಯ ಹಾಗೆ ಬಗ್ಗಿ
ಅವನ ಬಾಯಿ ಮೂಸುತ್ತೇನೆ.
ಕಳಿತ ಸೇಬಿನ ವಾಸನೆ ಬಂದರೆ ನಿಜದ್ದೇ ಅಂತ
ಔಷಧಿ ಅಂಗಡಿಯ ಗಾಸ್ಪಾರ್ ಹೇಳಿದ್ದ,
ಅವನೂ ಯಾರಿಂದಲೋ ಕೇಳಿದ್ದು.
ಒಂದು ದಿನ ಸೇಬು. ಮರುದಿನ ತಂಬಾಕು.
ಇನ್ನೊಂದು ದಿನ ಬರೀ ಒವಿಲಾ,
ಮದುವೆಯ ರಾತ್ರಿಯಿಂದ ನಾನು ಬಲ್ಲ ಉಸಿರು.
ಮೂಗು ನಂಬಲಿಕ್ಕಾಗದ ಸಾಕ್ಷಿ,
ಕರೆದವರ ಪರವಾಗಿಯೇ ನುಡಿಯುತ್ತದೆ.

ನಿನ್ನೆ ಕೈಹಿಡಿದು ಸಕ್ಕರೆ ಕೊಟ್ಟಿಗೆಗೆ ಕರೆದೊಯ್ದೆ.
ದಾರಿಯಲ್ಲಿ ಎರಡು ಸಲ ಕೇಳಿದ,
ನೀವು ಯಾರ ಮನೆಯವರು?
ಒಳಗೆ ಆವಿ. ಮೊಮ್ಮಗನ ಕೈಯಿಂದ
ಸೌಟು ಕಿತ್ತುಕೊಂಡು ಬೆಳಕಿಗೆ ಹಿಡಿದ.
ಎರಡು ಹನಿ ಕೂಡಿ ಒಂದಾಗಿ ಜಾರಿತು.
"ತೆಗಿ ಬೆಂಕಿ," ಅಂದ.
ಸರಿಯಾಗಿತ್ತು.

ಇದು ೨೧೭ರ ಗುಣವೋ
ಐವತ್ತೊಂದು ಮಾರ್ಚಿನದ್ದೋ,
ಜೂನಿಗೆ ಲಕೋಟೆ ಒಡೆಯುತ್ತಾರಂತೆ.

ಆಮೇಲೆ ಹೊರಗೆ ಬಂದು ಒಂದು ಸೌಟು
ಹಿಮದ ಮೇಲೆ ಸುರಿದ, ಮಕ್ಕಳಿಗೆ ಮಾಡಿಕೊಡುವ ಹಾಗೆ.
ಕಡ್ಡಿಗೆ ಸುತ್ತಿ ನಿಧಾನ ಎತ್ತಿದ.
ಎಳೆ ಉದ್ದವಾಯಿತು, ತೆಳ್ಳಗಾಯಿತು,
ಇನ್ನೂ ತೆಳ್ಳಗೆ,
ನಾನು ಉಸಿರು ಬಿಡಲಿಲ್ಲ.