ಇಂಟು ಗುರುತು

ಇಳಿತದ ಹೊತ್ತು ನೋಡಬೇಕಿತ್ತು, ಅಷ್ಟೇ.
ಅಮಾವಾಸ್ಯೆಯ ಮಾರನೆಯ ದಿನ ನಮ್ಮ ಚಿಲೊಯೆ ದ್ವೀಪದಲ್ಲಿ
ಕಡಲು ಬಹಳ ದೂರ ಹಿಂದೆ ಸರಿಯುತ್ತದೆ.
ಕೆಸರಿನ ಬಯಲು ಮೂರು ಗಂಟೆ ಬಾಯ್ತೆರೆದು ಕಾಯುತ್ತದೆ.
ಪೆಲಿಯೊ ಕೀಳುವವರಿಗೆ ಅದೇ ಕೂಲಿ, ಅದೇ ಅಂಗಡಿಯ ಬಾಕಿ.
ಪೆಲಿಯೊ ಅಂದರೆ ಪುಟ್ಟ ಕೂದಲು:
ಕಂದು ಪಾಚಿ, ಒದ್ದೆಯಿದ್ದಾಗ ಹೆಣಭಾರ,
ಒಣಗಿದರೆ ಹಿಡಿ ಗಾಳಿ.

ಅಣ್ಣನ ಮಗಳು ನಯಾರೆತ್ ಬಿಟ್ಟುಹೋದ ಟ್ಯಾಬ್ಲೆಟ್ಟು,
ಮೂಲೆಯಲ್ಲೊಂದು ಬಿರುಕು,
ಒಲೆಯ ಪಕ್ಕ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟಿದ್ದೇನೆ.
‘ಇಲ್ಲಿ ಒತ್ತು ಅತ್ತೆ, ಇಳಿತದ ಪಟ್ಟಿ ಬರುತ್ತದೆ.’
ಬಂತು.
ನಾನು ಕನ್ನಡಕ ಏರಿಸುವಷ್ಟರಲ್ಲಿ
ಅದರ ಮೇಲೊಬ್ಬ ಹೆಂಗಸು ಬಂದು ನಿಂತಳು, ಸೊಂಟದವರೆಗೆ ಕೂದಲು.
ಈ ಎಣ್ಣೆ ಹಚ್ಚಿ ಅಂದಳು. ಇಪ್ಪತ್ತೊಂದೇ ದಿನ.

ಅಮ್ಮಾ ತಾಯಿ, ಕೂದಲೇ ನನ್ನ ಕಸುಬು.
ಮೂವತ್ತೆಂಟು ವರ್ಷದಿಂದ ಕಡಲಿನ ತಲೆ ಬಾಚುತ್ತಿದ್ದೇನೆ,
ಮೂಟೆಗೆ ಇಷ್ಟು ಅಂತ.
ಪಕ್ಕಕ್ಕೆ ಸರಿ.

ಅವಳ ಹೆಗಲ ಮೇಲೆ, ನೊಣದ ಕಾಲಷ್ಟು, ಒಂದು ಇಂಟು.
ನನ್ನ ಬೆರಳು ನೋಡಿದರೆ ನಿಮಗೆ ಗೊತ್ತಾಗುತ್ತದೆ,
ಉಪ್ಪು ತಿಂದು ಊದಿದ್ದು, ತುದಿಯಲ್ಲಿ ಗೆರೆಗಳೇ ಇಲ್ಲ.
ಗುರುತಿನ ಚೀಟಿಯ ಕಚೇರಿಯಲ್ಲಿ
ಆ ಯಂತ್ರ ಮೂರು ಸಲ ನನ್ನನ್ನು ಯಾರೂ ಅಲ್ಲ ಅಂದಿತ್ತು.
ಸೆರಗಿಲ್ಲದ ನಾಡು ನಮ್ಮದು, ಸ್ವೆಟರಿನ ಅಂಚಿಗೆ ಒರಸಿಕೊಂಡು
ಒತ್ತಿದೆ. ಹೆಂಗಸಿನ ಕಿವಿಗೆ ತಾಗಿತು.
ಅವಳ ಅಂಗಡಿ ಪೂರ್ತಿ ತೆರೆದುಕೊಂಡಿತು.

ನಾಲ್ಕನೆಯ ತರಗತಿಯವರೆಗೆ ಕಲಿತದ್ದು ನೆನಪಾಯಿತು:
ಇಂಟು ಅಂದರೆ ಕಳೆಯುವುದಲ್ಲ, ಗುಣಿಸುವುದು.
ಒಂದು ಮುಚ್ಚಿದರೆ ಎರಡು. ಎರಡಕ್ಕೆ ಐದು.
ಬೂಟು, ಮೊಣಕಾಲಿನ ಮುಲಾಮು, ಗಿರಗಿರ ತಿರುಗುವ ಜೂಜಿನ ಚಕ್ರ,
ಅಭಿನಂದನೆಗಳು! ನೀವು ನಮ್ಮ ಹತ್ತು ಲಕ್ಷದನೆಯ ಅತಿಥಿ!
ನನ್ನ ಅಡಿಗೆಮನೆಯಲ್ಲಿ ಕೂತು
ನನ್ನನ್ನೇ ಅತಿಥಿ ಅನ್ನುವ ಧೈರ್ಯ.

ಹೊರಗೆ ಒತಿಲಿಯಾಳ ರಬ್ಬರ್ ಬೂಟಿನ ಸದ್ದು.
‘ಎದೆಲ್ಮೀರಾ, ಎಷ್ಟು ಹೊತ್ತಿಗಂತೆ?’
‘ತಾಳು, ಯಾರೋ ಅಡ್ಡ ನಿಂತಿದ್ದಾರೆ.’
ಅವಳು ತಾಳಲಿಲ್ಲ. ಕಡಲಹಕ್ಕಿ ಎಲ್ಲಿ ಇಳಿಯುತ್ತಿದೆ ಅಂತ ನೋಡಿ
ಬುಟ್ಟಿ ಎತ್ತಿಕೊಂಡು ನಡೆದಳು.

ತಾತ ಎವಾರಿಸ್ತೊಗೆ ಓದು ಬರುತ್ತಿರಲಿಲ್ಲ.
ಅವನೂ ಒಂದು ಇಂಟು ಹಾಕಿದ್ದ,
ಮೇಜಿನ ಮೇಲೆ ಹರಡಿದ ಕಾಗದದ ತುದಿಗೆ,
ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ.
ಟೋಪಿಯವರು ಹೇಳಿದ್ದರಂತೆ: ಇದೊಂದು ಹಾಕಿಬಿಡು,
ಬಾಗಿಲು ಮುಚ್ಚಿದ ಹಾಗೆ, ಜಗಳ ಮುಗಿಯುತ್ತದೆ.
ಗುಡ್ಡದ ಸೈಪ್ರೆಸ್ ಕಾಡು ಇಡೀ ತೆರೆದುಕೊಂಡದ್ದು ಆ ಇಂಟಿನಿಂದ.
ಎರಡು ಕೊಡಲಿ ಒಂದರ ಮೇಲೊಂದು ಇಟ್ಟಂತಿತ್ತು ಆ ಗುರುತು
ಅಂತ ಅಪ್ಪ ಹೇಳುತ್ತಿದ್ದ.
ನಾನು ನೋಡಿಲ್ಲ.

ಫೋನಿನಲ್ಲಿ ನಯಾರೆತ್ ನಕ್ಕಳು.
‘ವಿಮಾನದ ಚಿತ್ರ ಇದೆಯಲ್ಲ, ಅದನ್ನು ಒತ್ತು.
ನೆಟ್ ಸಾಯುತ್ತದೆ, ಪಟ್ಟಿ ಉಳಿಯುತ್ತದೆ.’
ವಿಮಾನ ಹತ್ತದವಳು ವಿಮಾನ ಒತ್ತಿದೆ.
ಚಕ್ರ ನಿಂತಿತು. ಮಾರುವವರೆಲ್ಲ
ಒಬ್ಬೊಬ್ಬರಾಗಿ ಬಿಳಿ ಚೌಕಗಳಾದರು.
ಅವುಗಳ ಸಂದಿಯಲ್ಲಿ, ಬೇಲಿಯಾಚೆಯ ಕುರಿಯಂತೆ,
ಆರು ಗಂಟೆ ನಲವತ್ತೆರಡು ನಿಮಿಷ.
ಈಗ ಏಳೂವರೆ.

ಇದ್ದಿಲಿನಿಂದ ವಾರದ ಹೊತ್ತುಗಳನ್ನೆಲ್ಲ ಬಾಗಿಲ ಮೇಲೆ ಬರೆದಿಟ್ಟು ಹೊರಟೆ.
ಕಿತ್ತದ್ದು ಅರ್ಧ ಮೂಟೆ.
ಒತಿಲಿಯಾಳ ರಾಶಿಗೆ ಬೆರೆಯದಿರಲಿ ಅಂತ
ನನ್ನದರ ಮುಂದೆ ಕೆಸರಲ್ಲಿ ಕೋಲಿನಿಂದ ಒಂದು ಇಂಟು ಗೀಚಿದೆ.
ಉಬ್ಬರ ಬಂತು.
ಒಂದೇ ಸಲಕ್ಕೆ ಮುಚ್ಚಿತು.