ಕಾಲು

ಒಂಬತ್ತನೇ ಪ್ರಶ್ನೆ:
ಕುರಿಯ ಹಿಂಗಾಲ ಕೀಲಿನ ಮೂಳೆ, ಶಗಾಯ್.
ಅದಕ್ಕೆ ನಾಲ್ಕು ಮಗ್ಗುಲು: ಕುದುರೆ, ಒಂಟೆ, ಕುರಿ, ಮೇಕೆ.
ಒಮ್ಮೆ ಎಸೆದರೆ ಕುದುರೆ ಬೀಳುವ ಸಂಭವನೀಯತೆ ಎಷ್ಟು?

ಇಪ್ಪತ್ತಾರು ಮಕ್ಕಳು. ಇಪ್ಪತ್ತೈದು ಹಾಳೆಗಳಲ್ಲಿ
ನಾನು ಹೇಳಿಕೊಟ್ಟಂತೆಯೇ ಇತ್ತು: ಕಾಲು.
ಒಲೆಗೆ ಒಣಸಗಣಿ ತುಂಬಿ
ಕೆಂಪು ಶಾಯಿಯಲ್ಲಿ ಸರಿ, ಸರಿ, ಸರಿ ಎಳೆಯುತ್ತ ಹೋದೆ.
ಕಿಟಕಿಯ ಒಳಮೈಗೂ ಹಿಮ ಕಟ್ಟಿತ್ತು.
ಆಚೆ ಗೋಬಿಯ ಗಾಳಿ
ಶಾಲೆಯ ತಗಡನ್ನು ಎತ್ತಿ ಎತ್ತಿ ನೋಡುತ್ತಿತ್ತು.

ಕೊನೆಯದು ಎನೆಬಿಶ್‌ಳದು.
ಯಾರ ಮೂಳೆ, ಟೀಚರ್? ಎಂದು ಶುರು.
ಮುದಿ ಟಗರಿನದೋ, ಚಳಿಗೆ ಸತ್ತ ಮರಿಯದೋ?
ಕೆಳಗೆ ಐದೈದು ಗೀಟಿನ ಕಂತೆಗಳು:
ಹಾಸ್ಟೆಲಿನ ಕಂಬಳಿಯ ಮೇಲೆ, ದೀಪ ಆರಿಸುವ ಮುಂಚೆ
ನೂರು ಸಲ ಎಸೆದಿದ್ದಾಳೆ.
ಕುರಿ ಮೂವತ್ತೊಂಬತ್ತು, ಮೇಕೆ ಮೂವತ್ತೆಂಟು,
ಕುದುರೆ ಹದಿಮೂರು, ಒಂಟೆ ಬರೀ ಹತ್ತು.
ಒಂದು ಸಲ ಕಂಬಳಿಯ ಮಡಿಕೆಗೆ ಒರಗಿ ನಿಂತುಬಿಟ್ಟಿತು,
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.
ಅಗಲ ಮಗ್ಗುಲಿಗೆ ಮಲಗುವುದು ಸಲೀಸು,
ಕಿರಿದರ ಮೇಲೆ ನಿಲ್ಲುವುದು ಕಷ್ಟ ಟೀಚರ್,
ನಮಗೂ ಹಾಗೇ ಅಲ್ಲವೇ.

ಹತ್ತನೆಯದಕ್ಕೂ ಹೀಗೇ.
ಎಂಬತ್ತನಾಲ್ಕು ಕುರಿ, ಹಿಮಗಾಳಿಗೆ ಹದಿನೇಳು ಸತ್ತವು, ಉಳಿದವೆಷ್ಟು?
ಅರವತ್ತೇಳು ಎಂದು ಬರೆದು, ಪಕ್ಕದಲ್ಲಿ:
ಅಪ್ಪ ಎಣಿಸುವುದಿಲ್ಲ.
ಸಂಜೆ ಮಂದೆ ಬಂದಾಗ ಸುಮ್ಮನೆ ನೋಡಿ
ಹರಿದ ಕಿವಿಯದು ಎಲ್ಲಿ ಅನ್ನುತ್ತಾನೆ.

ಮೇಜಿನ ಖಾನೆಯಲ್ಲಿ ನನ್ನದೂ ಒಂದಿತ್ತು,
ಬಾಲ್ಯದ್ದು, ಬೆರಳ ಜಿಡ್ಡಿಗೆ ಹಳದಿಯಾದದ್ದು.
ಎಸೆದೆ. ಕುರಿ.
ಮೇಕೆ. ಕುರಿ. ಕುರಿ.
ಹದಿನಾಲ್ಕು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ,
ಒಮ್ಮೆಯೂ ಎಸೆದು ನೋಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳ ತಾಯಿ ಬಂದಿದ್ದು ನೆನಪಾಯಿತು.
ಒಂಟೆಯಿಂದಿಳಿದು, ಕೈ ಒರೆಸಿಕೊಂಡು, ಅರ್ಜಿ ತುಂಬಿಸಿದಳು.
ಹೆತ್ತ ಮಕ್ಕಳು: ನಾಲ್ಕು.
ಇರುವವರು: ಇವಳು.
ಮೂವರು ಹೋದ ಮೇಲೆ ಹುಟ್ಟಿದವಳಿಗೆ
ಎನೆಬಿಶ್ ಎಂದೇ ಹೆಸರಿಟ್ಟರಂತೆ, ಅಂದರೆ ‘ಇದಲ್ಲ’.
ಸಾವು ಬಾಗಿಲ ತೆರೆ ಸರಿಸಿ ಬೆರಳು ತೋರಿದರೆ
ಒಳಗಿನಿಂದ ಕೂಗಿ ಹೇಳಲಿಕ್ಕೆ.

ಉತ್ತರಪಟ್ಟಿಯಲ್ಲಿ ‘ಕಾಲು’ ಎಂದಿದೆ, ಮುದ್ರೆಯ ಸಮೇತ.
ಅವಳ ಹಾಳೆಯನ್ನು ಬದಿಗಿಟ್ಟು
ಉಳಿದ ಇಪ್ಪತ್ತೈದನ್ನು ಮತ್ತೆ ಹತ್ತಿರ ಎಳೆದುಕೊಂಡೆ.
ಕೆಂಪು ಶಾಯಿ ಆಗಲೇ ಒಣಗಿತ್ತು.

ಇನ್ನೊಂದು ಸಲ ಎಂದು ಎಸೆದೆ.
ಮೂಳೆ ಮೇಜಿನಂಚು ದಾಟಿ
ನೆಲಹಲಗೆಯ ಸಂದಿಯೊಳಗೆ ಟಕ್ಕೆಂದು ಬಿತ್ತು.
ಯಾವ ಮಗ್ಗುಲೋ.
ಲೆಕ್ಕಕ್ಕೆ ಹಿಡಿದಿಲ್ಲ.